ಪಾತಾಳಗರಡಿ

ಒಮ್ಮೆ ಏಳನೆಯ ತರಗತಿಯಲ್ಲಿ ಪಾಠದ ನಡುವೆ ಕೇಳಿದೆ: "ಪಾತಾಳಗರಡಿ ಅಂದರೇನು, ಯಾರಿಗಾದರೂ ಗೊತ್ತಾ?" ಒಬ್ಬ ಹುಡುಗ ಎದ್ದುನಿಂತು, "ಪಾತಾಳಲೋಕದವರು ಕುಸ್ತಿ ಕಲಿಯೋ ಜಾಗ, ಮಿಸ್" ಎಂದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಅವನದೇನು ತಪ್ಪು? ನಮ್ಮ ತಿಪಟೂರಿನ ಕಡೆ ಈಗ ಕೊಡದಲ್ಲಿ ನೀರು ಸೇದುವ ಬಾವಿಯನ್ನು ಹುಡುಕಿಕೊಂಡು ಹೋಗಬೇಕು. ಬಾವಿ ಇದ್ದರಲ್ಲವೇ ಅದಕ್ಕೆ ಕೊಡ ಬೀಳುವುದು, ಬಿದ್ದ ಕೊಡವನ್ನು ಎತ್ತಲು ಪಾತಾಳಗರಡಿ ಬೇಕಾಗುವುದು!

ನನ್ನ ವಯಸ್ಸಿನವರಿಗೆ ವಿವರಿಸಬೇಕಾಗಿಲ್ಲ. ಒಂದು ಕಬ್ಬಿಣದ ಬಳೆ, ಅದರಿಂದ ಗೊಂಚಲಿನ ಹಾಗೆ ಇಳಿಬಿದ್ದ ಕೊಂಡಿಗಳು, ಕೊಕ್ಕೆಗಳು. ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟು ತಳದಲ್ಲಿ ತಡಕಾಡಿಸಿದರೆ ಯಾವುದೋ ಒಂದು ಕೊಕ್ಕೆಗೆ ಕೊಡದ ಕಂಠ ಸಿಕ್ಕುತ್ತಿತ್ತು. ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಗರಡಿ, ಶ್ಯಾನುಭೋಗರ ಮನೆ ಎಂದು ಕರೆಯುತ್ತಿದ್ದ ಮನೆಯಲ್ಲಿ. ಅವರು ಸುಮ್ಮನೆ ಕೊಡುತ್ತಿರಲಿಲ್ಲ. ಒಂದು ಚೆಂಬೋ ತಪ್ಪಲೆಯೋ ಒತ್ತೆ ಇಟ್ಟು ತರಬೇಕಿತ್ತು. ಬೇರೆಯವರ ವಸ್ತುವನ್ನು ಎತ್ತಲು ಹೋದದ್ದು ತಾನೇ ತಳದಲ್ಲಿ ಸಿಕ್ಕಿಕೊಳ್ಳಬಹುದು ಎಂಬ ಅನುಭವ ಆ ಪದ್ಧತಿಯ ಹಿಂದೆ ಇದ್ದಿರಬೇಕು.

ಸಿಕ್ಕಿಕೊಳ್ಳುತ್ತಲೂ ಇತ್ತು. ಕಲ್ಲಿನ ಸಂದಿಗೋ ಅತ್ತಿಮರದ ಬೇರಿಗೋ ಕೊಕ್ಕೆ ಹೊಕ್ಕರೆ ಮೇಲಿದ್ದವರು ಮೊದಲು ಮಾಡುವ ಕೆಲಸ ಜಗ್ಗುವುದು. ಆಗ ನಮ್ಮ ತಾತ ಜಗುಲಿಯಿಂದಲೇ ಕೂಗುತ್ತಿದ್ದರು. "ಎಳೀಬೇಡ್ರೇ! ಹಗ್ಗ ಸಡಿಲ ಬಿಡಿ. ಇನ್ನಷ್ಟು ಕೆಳಕ್ಕೆ ಬಿಟ್ಟು ಅಲ್ಲಾಡಿಸಿ. ಆ ಕಡೆ ಕಟ್ಟೆಗೆ ಹೋಗಿ ನೋಡಿ." ಬಿಡಿಸಿಕೊಳ್ಳಬೇಕಾದದ್ದನ್ನು ಇನ್ನಷ್ಟು ಕೆಳಗೆ ಬಿಡುವುದು ಎಂತಹ ಉಪಾಯ ಎಂದು ನನಗೆ ಆಗ ಅನ್ನಿಸುತ್ತಿತ್ತು.

ನಮ್ಮ ಬೀದಿಯ ಒಬ್ಬರು, ಹೆಸರು ಬೇಡ, ಉರಿಬಿಸಿಲಿನ ಮಧ್ಯಾಹ್ನ ಒಬ್ಬರೇ ಗರಡಿ ಇಳಿಬಿಟ್ಟರು. ಸಿಕ್ಕಿಕೊಂಡಿತು. ಯಾರನ್ನೂ ಕೂಗಲಿಲ್ಲ. ಎಳೆದರು, ಎಳೆದರು, ಹಗ್ಗ ಹರಿಯಿತು. ಹರಿದ ಹಗ್ಗವನ್ನು ಸುತ್ತಿಕೊಂಡು ಮನೆಗೆ ಹೋದರು. ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಒತ್ತೆ ಇಟ್ಟಿದ್ದ ತಾಮ್ರದ ಚೆಂಬನ್ನೂ ಕೇಳಲು ಹೋಗಲಿಲ್ಲ. ಗೊತ್ತಾದ ಮೇಲೆ ಯಾರೂ ಅವರನ್ನು ಬೈದ ನೆನಪು ನನಗಿಲ್ಲ. ಆದರೆ ಆಮೇಲೆ ಅವರು ಎಲ್ಲರೂ ಸೇದಿ ಹೋದ ಮೇಲೆಯೇ ಬಾವಿಗೆ ಬರುತ್ತಿದ್ದರು. ಬಹಳ ವರ್ಷ ಹಾಗೆಯೇ ಬಂದರು.

ಇಷ್ಟೆಲ್ಲ ನೆನಪಾದದ್ದು 2018ರ ಡಿಸೆಂಬರಿನ ಒಂದು ರಾತ್ರಿ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ. ನನ್ನ ಬಾಯಿಂದ ಒಂದು ತಂತಿ ಹೊರಗೆ ಬಂದಿತ್ತು. ಅದನ್ನು ಕೆನ್ನೆಗೆ ಪಟ್ಟಿ ಹಾಕಿ ಅಂಟಿಸಿದ್ದರು. ತಂತಿಯ ಇನ್ನೊಂದು ತುದಿ ನನ್ನ ಪಿತ್ತನಾಳದಲ್ಲಿ ಒಂದು ಕಲ್ಲನ್ನು ಹಿಡಿದುಕೊಂಡು ಕೂತಿತ್ತು.

ಕಲ್ಲಿನ ವಿಷಯ ನಮ್ಮ ಹೆಂಗಸರಿಗೆ ಹೊಸದಲ್ಲ. ಪಿತ್ತಕೋಶದ ಕಲ್ಲು ಗಂಡಸರಿಗಿಂತ ನಮ್ಮಲ್ಲೇ ಹೆಚ್ಚು. ನನಗೆ 2009ರಲ್ಲೇ ಪಿತ್ತಕೋಶ ತೆಗೆದಿದ್ದರು. ಕೋಶ ಹೋದ ಮೇಲೆ ಕಲ್ಲಿನ ಕಾಟವೂ ಹೋಯಿತು ಎಂದುಕೊಂಡಿದ್ದೆ. ಹಾಗೇನೂ ಇಲ್ಲವಂತೆ, ಯಕೃತ್ತಿನಿಂದ ಕರುಳಿಗೆ ಪಿತ್ತರಸ ಹರಿಯುವ ನಾಳದಲ್ಲಿ ಉಳಿದದ್ದೋ ಹೊಸದಾಗಿ ಆದದ್ದೋ ಕಲ್ಲು ಇರಬಹುದು. ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಚಳಿಜ್ವರ, ಮೈಯೆಲ್ಲ ನವೆ, ಕಣ್ಣು ಹಳದಿ. ಓರಗಿತ್ತಿ ನೆಲನೆಲ್ಲಿ ಅರೆದು ಕೊಟ್ಟಳು. ಮೂರು ದಿನ ಕುಡಿದೆ. ದಾರಿಗೆ ಕಲ್ಲು ಅಡ್ಡ ಕೂತಿರುವಾಗ ಯಾವ ಸೊಪ್ಪಿನ ರಸ ಏನು ಮಾಡೀತು? ಕಾಮಾಲೆಗೆಲ್ಲ ಒಂದೇ ಮದ್ದು ಎಂದು ನಂಬಿಕೊಂಡು ಕೂರುವವರಿಗೆ ಇಷ್ಟು ಹೇಳುವುದು ನನ್ನ ಕರ್ತವ್ಯ.

ಹಿಂದಿನ ಕಾಲದಲ್ಲಾಗಿದ್ದರೆ ಹೊಟ್ಟೆ ಕೊಯ್ದು ತೆಗೆಯಬೇಕಿತ್ತು. 1974ರಲ್ಲಿ ಜರ್ಮನಿಯಲ್ಲೂ ಜಪಾನಿನಲ್ಲೂ ವೈದ್ಯರು ಬಾಯಿಯ ಮೂಲಕವೇ ಕೊಳವೆ ಇಳಿಸಿ, ನಾಳ ಕರುಳಿಗೆ ತೆರೆಯುವ ಬಾಗಿಲನ್ನು ಸ್ವಲ್ಪ ಕೊಯ್ದು ಅಗಲ ಮಾಡುವ ವಿಧಾನವನ್ನು ಪ್ರಕಟಿಸಿದರು. ಆ ಬಾಗಿಲಿನಿಂದ ಮುಚ್ಚಿದ ಛತ್ರಿಯಂಥ ಒಂದು ತಂತಿಯ ಬುಟ್ಟಿಯನ್ನು ಒಳಗೆ ಕಳಿಸುತ್ತಾರೆ. ಒಳಗೆ ಹೋಗಿ ಅದು ಅರಳುತ್ತದೆ, ಕಲ್ಲು ತಂತಿಗಳ ನಡುವೆ ಬೀಳುತ್ತದೆ, ಬುಟ್ಟಿಯನ್ನು ಬಿಗಿಸಿ ಕೆಳಕ್ಕೆ ಎಳೆದರೆ ಕಲ್ಲು ಕರುಳಿಗೆ ಬರುತ್ತದೆ. ಡಾರ್ಮಿಯಾ ಎಂಬ ಇಟಲಿಯ ಮೂತ್ರರೋಗ ವೈದ್ಯರು ಮೂತ್ರನಾಳದ ಕಲ್ಲಿಗೆಂದು ಮಾಡಿದ ಬುಟ್ಟಿ ಅದು, ಪಿತ್ತನಾಳಕ್ಕೂ ಒದಗಿತು. ಚಿತ್ರ ನೋಡಿದಾಗ ನನಗೆ ಹೊಳೆದ ಮೊದಲ ಮಾತು, "ಇದು ನಮ್ಮ ಪಾತಾಳಗರಡಿಯೇ!"

ಬಹಳಷ್ಟು ಜನರಿಗೆ ಅರ್ಧ, ಮುಕ್ಕಾಲು ಗಂಟೆಯಲ್ಲಿ ಮುಗಿಯುವ ಕೆಲಸ. ನನಗೆ ಹಾಗಾಗಲಿಲ್ಲ. ಮಂಪರು ಇಳಿದು ಕಣ್ಣು ಬಿಟ್ಟಾಗ ಗಂಟಲು ಉರಿಯುತ್ತಿತ್ತು, ಬಾಯಲ್ಲಿ ತಂತಿ. ನಮ್ಮ ಯಜಮಾನರು ಹಾಸಿಗೆಯ ಪಕ್ಕದಲ್ಲಿ ನಿಂತು, "ಎಲ್ಲಾ ಚೆನ್ನಾಗಿ ಆಯ್ತಂತೆ, ಮಲಕ್ಕೋ" ಎಂದರು. ಮಗಳು ಕಿಟಕಿಯ ಕಡೆ ನೋಡುತ್ತಿದ್ದಳು. ಇಪ್ಪತ್ತೈದು ವರ್ಷ ಮಕ್ಕಳ ಮುಖ ನೋಡಿಕೊಂಡೇ ಸಂಬಳ ತೆಗೆದುಕೊಂಡವಳು ನಾನು. ಯಾರು ಮನೆಪಾಠ ಬರೆದಿಲ್ಲ ಎಂದು ಬಾಗಿಲಲ್ಲೇ ತಿಳಿಯುತ್ತದೆ. ತಂತಿ ತುಟಿಗೆ ಒತ್ತುತ್ತಿದ್ದುದರಿಂದ ಮಾತು ಹೊರಡುತ್ತಿರಲಿಲ್ಲ. ಕೈಸನ್ನೆ ಮಾಡಿ ಕೇಳಿದರೆ, ಅವರು ಹೊದಿಕೆ ಸರಿಮಾಡಿದರು.

ರಾತ್ರಿ ಒಂಬತ್ತರ ಹೊತ್ತಿಗೆ ವೈದ್ಯರು ಬಂದರು. ನನ್ನ ಮೊದಲ ವರ್ಷಗಳ ವಿದ್ಯಾರ್ಥಿಗಳ ವಯಸ್ಸಿರಬೇಕು. ನಿಂತುಕೊಂಡು ಮಾತಾಡದೆ ಸ್ಟೂಲು ಎಳೆದುಕೊಂಡು ಕೂತರು. "ಟೀಚರ್, ನಿಮ್ಮ ಯಜಮಾನರಿಗೆ ಹೇಳಿದೀನಿ. ಆದರೆ ತಂತಿ ಇರೋದು ನಿಮ್ಮ ಬಾಯಲ್ಲಿ. ನಿಮಗೂ ನಾನೇ ಹೇಳಬೇಕು" ಎಂದರು.

ಹೇಳಿದ್ದು ಇಷ್ಟು. ಕಲ್ಲು ಬುಟ್ಟಿಗೆ ಬಿತ್ತು. ಬಾಗಿಲಿಗೆ ಬಂದು ನಿಂತಿತು. ಬಾಗಿಲಿಗಿಂತ ಕಲ್ಲು ದೊಡ್ಡದು. ಒಂದೆರಡು ಸಲ ಮೆಲ್ಲಗೆ ಎಳೆದು ನೋಡಿ ಅವರು ನಿಲ್ಲಿಸಿದರು. ಬುಟ್ಟಿಯನ್ನು ವಾಪಸು ಮೇಲಕ್ಕೆ, ನಾಳ ಅಗಲವಿರುವ ಕಡೆಗೆ ತಳ್ಳಿ, ಅರಳಿಸಿ, ಅಲ್ಲಾಡಿಸಿ ಕಲ್ಲನ್ನು ಕೆಡವಲು ನೋಡಿದರು. ತಂತಿಗಳು ಕಲ್ಲಿಗೆ ಕಚ್ಚಿಕೊಂಡಿದ್ದವು, ಬಿಡಲಿಲ್ಲ. ಬಾಗಿಲನ್ನು ಇನ್ನಷ್ಟು ಕೊಯ್ಯುವುದಕ್ಕೂ ಒಂದು ಮಿತಿ ಇದೆ, ಮೀರಿದರೆ ರಕ್ತ, ಕರುಳಿಗೆ ತೂತು. ಅಷ್ಟರಲ್ಲಿ ಮಂಪರಿನಲ್ಲಿ ನನ್ನನ್ನು ಬಹಳ ಹೊತ್ತು ಇಟ್ಟಂತಾಗಿತ್ತು. ಪಿತ್ತ ಕಟ್ಟಿಕೊಳ್ಳದಿರಲಿ ಎಂದು ಬುಟ್ಟಿಯ ಪಕ್ಕದಲ್ಲೇ ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆ ಕೂರಿಸಿದರು. ಆಮೇಲೆ ಬುಟ್ಟಿಯ ಹಿಡಿಯನ್ನು ಹೊರಗೆ ಕತ್ತರಿಸಿ, ದಾರದಿಂದ ಮಣಿ ಜಾರಿಸುವ ಹಾಗೆ ಎಂಡೋಸ್ಕೋಪನ್ನು ತಂತಿಯ ಮೇಲಿಂದ ಜಾರಿಸಿ ಹೊರತೆಗೆದು, ತಂತಿಯನ್ನು ಮಾತ್ರ ಬಿಟ್ಟರು. ಬೆಳಿಗ್ಗೆ ಆ ತಂತಿಯ ಮೇಲೆಯೇ ಒಂದು ಲೋಹದ ಕೊಳವೆಯನ್ನು ಇಳಿಸಿ, ಹೊರಗಿನಿಂದ ತಿರುಗಣೆ ತಿರುಗಿಸಿದರೆ ಬುಟ್ಟಿ ಕೊಳವೆಯ ಬಾಯಿಗೆ ಬಿಗಿದು ಕಲ್ಲು ಪುಡಿಯಾಗುತ್ತದೆ. ಸೋಹೇಂದ್ರ ಎಂಬ, ಇಂಡೋನೇಷ್ಯಾದಲ್ಲಿ ಹುಟ್ಟಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಕೆಲಸ ಮಾಡಿದ ವೈದ್ಯರ ಹೆಸರಿನ ಸಲಕರಣೆ ಅದು. ಇನ್ನೊಂದು ಆಸ್ಪತ್ರೆಯಿಂದ ಬರಬೇಕಿತ್ತು, ಹಿರಿಯ ವೈದ್ಯರೊಬ್ಬರೂ ಬರಬೇಕಿತ್ತು. ಅದೂ ಆಗದಿದ್ದರೆ ಶಸ್ತ್ರಚಿಕಿತ್ಸೆ.

ಅವರು ಅಲ್ಲಿಗೆ ಎದ್ದು ಹೋಗಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಎದ್ದವರು ಮತ್ತೆ ಕೂತು, "ಸ್ಕ್ಯಾನಿನಲ್ಲಿ ನೋಡಿ ಹಾಗೇ ಬರುತ್ತೆ ಅಂದ್ಕೊಂಡೆ. ಮೊದಲೇ ಒಡೆಯೋ ಬುಟ್ಟಿ ತಗೋಬಹುದಿತ್ತು. ಆ ಅಂದಾಜು ನನ್ನದು" ಎಂದರು.

ನರ್ಸ್ ಕೊಟ್ಟ ಕಾಗದದ ಮೇಲೆ ನಾನು "ನೋವಾಗುತ್ತದೆಯೇ?" ಎಂದು ಬರೆದೆ. ಕೇಳಬೇಕೆಂದಿದ್ದದ್ದು ಬೇರೇನೋ. ಅಕ್ಷರ ಮಾತ್ರ ಎಂದಿನಂತೆ ದುಂಡಗೆ ಬಂದದ್ದು ನೋಡಿ ನನಗೇ ನಗು ಬಂತು.

ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಸತ್ಯ ಹೇಳಿದ್ದಕ್ಕೆ ಅವರ ಮೇಲೆ ಗೌರವ ಬಂತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಿಜವಾಗಿ ಬಂದದ್ದು ಸಿಟ್ಟು. ಬೆಳಿಗ್ಗೆಯವರೆಗೆ ಸುಮ್ಮನಿರಬಹುದಿತ್ತಲ್ಲ, ಅವರ ಮನಸ್ಸು ಹಗುರವಾಗಲಿ ಎಂದು ನನ್ನ ನಿದ್ದೆ ತೆಗೆದರಲ್ಲ ಎಂಬ ಸಿಟ್ಟು. ಯಜಮಾನರು "ಅವಳಿಗೆ ಹೇಳಬೇಡಿ ಸರ್, ಹೆದರ್ತಾಳೆ" ಎಂದು ವೈದ್ಯರಿಗೆ ಕೈಮುಗಿದಿದ್ದರು ಎಂದು ಆಮೇಲೆ ಮಗಳಿಂದ ತಿಳಿಯಿತು. ಆ ರಾತ್ರಿಯ ಮಟ್ಟಿಗೆ ಅವರು ಹೇಳಿದ್ದೇ ಸರಿ, ನಾನು ಹೆದರಿದೆ.

ಆದರೂ ಅವರ ಪಕ್ಷ ವಹಿಸಲು ನನ್ನಿಂದ ಆಗುತ್ತಿಲ್ಲ. ನಮ್ಮ ಮನೆಗಳಲ್ಲಿ ಹೆಂಗಸಿನ ಕಾಯಿಲೆಯ ಮಾತು ನಡೆಯುವುದು ಹಜಾರದಲ್ಲಿ, ಹೆಂಗಸು ಮಲಗಿರುವುದು ಕೋಣೆಯಲ್ಲಿ. ನಮ್ಮ ತಾಯಿಗೆ ಗರ್ಭಕೋಶ ತೆಗೆದಿದ್ದಾರೆಂದು ತಿಳಿದದ್ದು ಮನೆಗೆ ಬಂದ ಎಂಟು ದಿನಗಳ ಮೇಲೆ, ಅದೂ ನೋಡಲು ಬಂದ ನೆಂಟರ ಬಾಯಿಂದ. "ನಂದೇ ಅಲ್ವೇನೇ ಅದು" ಎಂದು ಒಂದೇ ಮಾತು ಹೇಳಿ ಅಡುಗೆಮನೆಗೆ ಹೋದರು. ಪ್ರೀತಿಯಿಂದಲೇ ಮುಚ್ಚಿಟ್ಟಿದ್ದರು, ಅನುಮಾನವಿಲ್ಲ. ಆದರೆ ತನ್ನ ಹೊಟ್ಟೆಯೊಳಗೆ ಏನಾಯಿತು ಎಂಬುದನ್ನು ಎಲ್ಲರಿಗಿಂತ ಕೊನೆಗೆ ತಿಳಿಯುವುದು ಎಂತಹ ಪ್ರೀತಿಯ ಫಲ?

ಬೆಳಿಗ್ಗೆ ನನ್ನನ್ನು ಮತ್ತೆ ಒಳಗೆ ಕರೆದುಕೊಂಡು ಹೋದರು. ಕಲ್ಲು ಪುಡಿಯಾಯಿತು, ಬುಟ್ಟಿ ಹೊರಗೆ ಬಂತು. ಅಷ್ಟೇ. ನನಗೆ ಏನೂ ನೆನಪಿಲ್ಲ. ತಂತಿಗಳೆಲ್ಲ ಡೊಂಕಾಗಿ ಗುಬ್ಬಿಗೂಡಿನ ಹಾಗಾಗಿದ್ದ ಆ ಬುಟ್ಟಿಯನ್ನು ಆಮೇಲೆ ಒಂದು ಡಬ್ಬಿಯಲ್ಲಿ ತೋರಿಸಿದರು. ಇಷ್ಟು ಚಿಕ್ಕದೇ ಎನ್ನಿಸಿತು.

ವಾರ್ಡಿನಲ್ಲಿ ಗಲಾಟೆ ಶುರುವಾದದ್ದು ಆಮೇಲೆ. ನಮ್ಮ ಮೈದುನನಿಗೆ ಕಾಯಿದೆ ಗೊತ್ತು. ವೈದ್ಯರ ಸೇವೆಯೂ ಗ್ರಾಹಕ ಸಂರಕ್ಷಣಾ ಕಾಯಿದೆಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ, ತಪ್ಪನ್ನು ವೈದ್ಯರೇ ಒಪ್ಪಿಕೊಂಡಿದ್ದಾರೆ, ಇನ್ನೇನು ಬೇಕು ಎಂದು ಅವನ ವಾದ. ಯಜಮಾನರು ಸಹಿ ಹಾಕಿದ ಕಾಗದದಲ್ಲಿ ಬುಟ್ಟಿ ಸಿಕ್ಕಿಕೊಳ್ಳಬಹುದು ಎಂದು ಬರೆದಿತ್ತಂತೆ, ಇಂಗ್ಲಿಷಿನಲ್ಲಿ, ಹನ್ನೆರಡನೆಯ ಸಾಲೋ ಏನೋ. ಯಾರೂ ಓದಿರಲಿಲ್ಲ, ಯಾರೂ ಓದಿ ಹೇಳಿಯೂ ಇರಲಿಲ್ಲ. ಆ ದೂರು ನನಗೆ ಇವತ್ತಿಗೂ ಇದೆ.

ದೂರು ಕೊಡಬೇಡ ಎಂದು ನಾನು ಹೇಳಿದೆ. ಕ್ಷಮಾಗುಣದಿಂದಲ್ಲ. ಒಪ್ಪಿಕೊಂಡವರನ್ನೇ ಹಿಡಿದು ಹೊಡೆದರೆ ಮುಂದಿನ ರೋಗಿಯ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಯಾರು ಕೂರುತ್ತಾರೆ? ಮೈದುನ ಬಿಡಲಿಲ್ಲ. "ಅತ್ತಿಗೆ, ಒಪ್ಪಿಕೊಂಡರೆ ಮುಗೀತಾ? ಹಾಗಾದ್ರೆ ಎಲ್ಲರೂ ಒಪ್ಪಿಕೊಂಡು ಬಚಾವಾಗ್ತಾರೆ." ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಎಲ್ಲ ತಪ್ಪೂ ಒಂದೇ ತೂಕದ್ದಲ್ಲ ಎಂಬುದು ಮಾತ್ರ ಗೊತ್ತು. ಅಂದಾಜು ತಪ್ಪುವುದು ಕಸುಬಿನ ಜೊತೆಗೇ ಬಂದದ್ದು. ತಪ್ಪಿದೆ ಎಂದು ಕೈಗೆ ತಿಳಿದ ಮೇಲೂ, ನೋಡುವವರು ಏನೆಂದಾರು ಎಂದು ಎಳೆಯುತ್ತಲೇ ಇರುವುದು ಬೇರೆ. ಆ ವೈದ್ಯರು ಮೂರನೆಯ ಸಲ ಬಲವಾಗಿ ಎಳೆದಿದ್ದರೆ ಕಲ್ಲು ಬಂದರೂ ಬರಬಹುದಿತ್ತು. ನನ್ನ ನಾಳವೂ ಅದರ ಜೊತೆಗೆ ಹರಿಯಬಹುದಿತ್ತು.

ಈ ತಕ್ಕಡಿಯನ್ನು ಅವರಿಗೆ ಹಿಡಿದು ಕೂತಿದ್ದಾಗಲೇ ನನ್ನ ಮನೆಯ ಹುಡುಗಿ ಕಣ್ಣ ಮುಂದೆ ಬಂದಳು.

ನಮ್ಮ ಮನೆಗೆಲಸಕ್ಕೆ ಬರುತ್ತಿದ್ದವಳ ಮಗಳು. ನಮ್ಮ ಶಾಲೆಯವಳೇ. 2016ರಲ್ಲಿ ಎಸ್.ಎಸ್.ಎಲ್.ಸಿ.ಯ ಗಣಿತದಲ್ಲಿ ಕೂತಳು. ಅವಳನ್ನು ಮದುವೆ ಮಾಡುವ ಮಾತು ಬಂದಾಗ ನಾನು ಅವರ ಮನೆಗೆ ಹೋಗಿ, "ನನ್ನ ಹತ್ತಿರ ಬಿಡಿ, ನಾನು ಪಾಸು ಮಾಡಿಸ್ತೀನಿ" ಎಂದು ಮನೆಗೆ ಕರೆದುಕೊಂಡು ಬಂದೆ. ಹಟ್ಟಿಯವರೆಲ್ಲ ಕೇಳುವ ಹಾಗೆ ಹೇಳಿದ್ದೆ. ಜೂನಿನಲ್ಲಿ ಮತ್ತೆ ಫೇಲು. ಮರು ವರ್ಷ ಫೇಲು. ಅದರ ಮರು ವರ್ಷವೂ. ಪ್ರತಿ ಸಲ ಫೀಸು ನಾನೇ ಕಟ್ಟಿದೆ, ಟ್ಯೂಷನ್ನಿಗೆ ಕಳಿಸಿದೆ, ಬೆಳಿಗ್ಗೆ ಐದಕ್ಕೆ ಎಬ್ಬಿಸಿದೆ. ಅವಳಿಗೆ ಹೊಲಿಗೆಯ ಮೇಲೆ ಪ್ರಾಣ. ನನ್ನ ಹಳೆಯ ಸೀರೆಯ ಅಂಚಿನಲ್ಲಿ ದಿಂಬಿನ ಚೀಲ ಹೊಲಿದು ತಂದರೆ, "ಮೊದಲು ತ್ರಿಕೋನಮಿತಿ" ಎನ್ನುತ್ತಿದ್ದೆ. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಗಣಿತ ಬಿಟ್ಟು ಬೇರೆ ವಿಷಯ ಆರಿಸಿಕೊಂಡು ಹತ್ತನೆಯದನ್ನು ಮುಗಿಸಬಹುದು ಎಂದು ಸಹೋದ್ಯೋಗಿಯೊಬ್ಬರು ಎರಡು ಸಲ ಹೇಳಿದ್ದರು. ಕೇಳಿಸಿಕೊಂಡಿದ್ದೆ, ಸುಮ್ಮನಿದ್ದೆ. ಬೇರೆ ದಾರಿ ಹಿಡಿದರೆ ನಾನು ಪಾಸು ಮಾಡಿಸಿದ ಹಾಗಾಗುತ್ತಿರಲಿಲ್ಲವಲ್ಲ! ಆ ವರ್ಷದ ದಸರಾ ರಜೆಯ ಹೊತ್ತಿಗೆ ಅವಳು ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟಿದ್ದಳು. ಹದಿಹರೆಯ, ಹಾಗೇ ಎಂದುಕೊಂಡೆ.

ನಾವು ಹಿಡಿದದ್ದನ್ನು ಕೈಬಿಟ್ಟುಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಹುಡುಗಿಯರ ವಿಷಯದಲ್ಲಿ ಟೀಚರುಗಳು ಬೇಗ ಕೈಬಿಟ್ಟದ್ದೇ ಹೆಚ್ಚು. ನಾನು ಅಂದು ಅವರ ಮನೆಗೆ ಹೋಗದಿದ್ದರೆ ಹದಿನಾರಕ್ಕೇ ಅವಳ ಕೊರಳಿಗೆ ತಾಳಿ ಬೀಳುತ್ತಿತ್ತು. ವೈದ್ಯರೂ ಕಲ್ಲನ್ನು ಬಿಟ್ಟು ಹೋಗಲಿಲ್ಲ, ತಂತಿಯನ್ನು ಉಳಿಸಿಕೊಂಡೇ ಬೇರೆ ಸಲಕರಣೆಗೆ, ಬೇರೆಯವರಿಗೆ ಹೇಳಿಕಳಿಸಿದರು. ನನ್ನಿಂದ ಆಗದೆ ಹೋದದ್ದು ಆ ಹೇಳಿಕಳಿಸುವ ಕೆಲಸ. ಅದಕ್ಕಿಂತ ಮೊದಲು, ಮಲಗಿದ್ದವಳ ಪಕ್ಕ ಸ್ಟೂಲು ಎಳೆದುಕೊಂಡು ಕೂರುವ ಕೆಲಸ.

ಜನವರಿಯಲ್ಲಿ ಊರಿಗೆ ಬಂದೆ. ಗಂಟಲು ಸರಿಹೋಗಿತ್ತು. ಪಕ್ಕದಲ್ಲಿಟ್ಟಿದ್ದ ಪ್ಲಾಸ್ಟಿಕ್ ಕೊಳವೆ ತೆಗೆಸಲು ಇನ್ನೊಮ್ಮೆ ಬೆಂಗಳೂರಿಗೆ ಹೋಗುವುದು ಬಾಕಿ ಇತ್ತು. ಒಂದು ಮಧ್ಯಾಹ್ನ ಹುಡುಗಿ ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮೊರದ ಆ ಕಡೆ ನಾನೂ ಕೂತೆ. ಹೇಗೆ ಶುರುಮಾಡಬೇಕೆಂದು ತಿಳಿಯದೆ ಒಂದು ಹಿಡಿ ಕಾಯಿ ಸುಲಿದೆ. ಆಮೇಲೆ ಹೇಳಿದೆ: "ನಿನಗೆ ಗಣಿತ ಬಂದೇ ಬರುತ್ತೆ ಅಂತ ನಾನು ಅಂದಾಜು ಮಾಡಿದ್ದು ತಪ್ಪು ಕಣೇ. ಹೋದ ವರ್ಷವೇ ನನಗೆ ಗೊತ್ತಾಗಿತ್ತು. ಆದರೂ ಎಳೆದೆ."

ಅವಳು ತಲೆ ಎತ್ತಲಿಲ್ಲ. ಬೆರಳುಗಳು ಕಾಯಿಯ ನಾರು ತೆಗೆಯುತ್ತಲೇ ಇದ್ದವು.

"ನನಗೆ ಅದಕ್ಕಿಂತ ಮುಂಚೆಯೇ ಗೊತ್ತಿತ್ತು, ಮಿಸ್."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಬೇಜಾರು ಮಾಡ್ಕೋತೀರ ಅಂತ."

ಸಿಪ್ಪೆಯನ್ನು ಒಂದು ಕಡೆಗೆ ಗುಡ್ಡೆ ಮಾಡಿದಳು. ಸ್ವಲ್ಪ ಹೊತ್ತಾದ ಮೇಲೆ, ಮಾರ್ಚಿನ ಪರೀಕ್ಷೆಗೆ ಕಟ್ಟಿದ ಫೀಸು ವಾಪಸು ಕೊಡುತ್ತಾರೆಯೇ ಎಂದು ಕೇಳಿದಳು. ಕೊಡುವುದಿಲ್ಲ ಎಂದೆ. "ಅಯ್ಯೋ" ಎಂದು ಮೊರ ಎತ್ತಿಕೊಂಡು, ಸಿಪ್ಪೆಯನ್ನು ಹಸುವಿಗೆ ಹಾಕಲು ಹೋದಳು.